ಹಾರುವ ಗರುಡನ ಫೋಟೋಗೆ ಒಂದು ಕೆಂಪು ಚುಕ್ಕೆ: ಕ್ಯಾಮೆರಾಕ್ಕೆ ರೆಡ್ ಡಾಟ್ ಸೈಟ್ ಆರಿಸುವುದು ಹೇಗೆ

ಮಲ್ಪೆ ಬಂದರಿನಲ್ಲಿ ಬೋಟುಗಳು ಮೀನು ಇಳಿಸುವ ಹೊತ್ತಿಗೆ ಹೋಗಿ ನಿಂತರೆ ತಲೆ ಮೇಲೆ ಗರುಡಗಳು ಸುತ್ತುತ್ತಲೇ ಇರುತ್ತವೆ. ಬರಿಗಣ್ಣಿಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. 600 ಎಂಎಂ ಲೆನ್ಸಿನ ಕ್ಯಾಮೆರಾ ಎತ್ತಿ ಕಣ್ಣಿಟ್ಟರೆ ಮಾತ್ರ ಬರೀ ನೀಲಿ ಆಕಾಶ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಅಂತ ಹುಡುಕಿ ಸಿಗುವಷ್ಟರಲ್ಲಿ ಹಕ್ಕಿ ನೀರಿಗೆ ಎರಗಿ ಮೀನು ಎತ್ತಿಕೊಂಡು ಹೋಗಿ ಆಯಿತು. ಎರಡು ವರ್ಷ ನಾನು ಹೀಗೇ ಕಳೆದಿದ್ದೇನೆ. ಆಮೇಲೆ ಕ್ಯಾಮೆರಾದ ಮೇಲೆ ಒಂದು ರೆಡ್ ಡಾಟ್ ಸೈಟ್, ಅಂದರೆ ಗುರಿಯ ಮೇಲೆ ಕೆಂಪು ಚುಕ್ಕೆ ತೋರಿಸುವ ಪುಟ್ಟ ಸಾಧನ ಕೂರಿಸಿದೆ, ಆ ಹುಡುಕಾಟ ಹೆಚ್ಚುಕಡಿಮೆ ನಿಂತೇ ಹೋಯಿತು. ಅದನ್ನು ಕೊಳ್ಳುವಾಗ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಅಂತ ತಿಳಿಯಲು ನನಗೆ ಬಹಳ ಸಮಯ ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದು.

ಮೊದಲು ತೊಂದರೆ ಎಲ್ಲಿದೆ ನೋಡಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 600 ಎಂಎಂ ಲೆನ್ಸ್ 50 ಮೀಟರ್ ದೂರದಲ್ಲಿ ನೋಡುವುದು 3 ಮೀಟರ್ ಅಗಲ, 2 ಮೀಟರ್ ಎತ್ತರದ ಜಾಗ, ಅಷ್ಟೇ. ಅದಕ್ಕಿಂತ ಸಣ್ಣ ಎಪಿಎಸ್-ಸಿ ಸೆನ್ಸರ್ ಆದರೆ ಅಗಲ ಸುಮಾರು 2 ಮೀಟರಿಗೆ ಇಳಿಯುತ್ತದೆ. ನಿಕಾನ್ ಪಿ1000ನಂಥ ಸೂಪರ್ ಜೂಮ್ ಕ್ಯಾಮೆರಾವನ್ನು ಪೂರ್ತಿ 3000 ಎಂಎಂಗೆ ಎಳೆದರೆ ಅದೇ ದೂರದಲ್ಲಿ ಸಿಗುವುದು 60 ಸೆಂಟಿಮೀಟರ್! ಗರುಡ ರೆಕ್ಕೆ ಬಿಚ್ಚಿದರೆ ಅದಕ್ಕಿಂತ ಅಗಲ. ಇಷ್ಟು ಸಣ್ಣ ಕಿಂಡಿಯಲ್ಲಿ ಹಾರುವ ಹಕ್ಕಿಯನ್ನು ಹುಡುಕುವುದು ತುಂಬಾ ಕಷ್ಟ, ಅಲ್ವಾ?

ರೆಡ್ ಡಾಟ್ ಮಾಡುವ ಕೆಲಸ ಸರಳ. ಒಂದು ಗಾಜು, ಅದರ ಹಿಂದೆ ಕೆಳಗೆ ಒಂದು ಪುಟ್ಟ ಎಲ್‌ಇಡಿ. ಗಾಜಿಗೆ ಸ್ವಲ್ಪ ಬಾಗು ಇರುತ್ತದೆ, ಮೇಲೆ ಕೆಂಪು ಬೆಳಕನ್ನು ಮಾತ್ರ ವಾಪಸ್ ಕಳಿಸುವ ಲೇಪ ಇರುತ್ತದೆ. ಎಲ್‌ಇಡಿ ಬೆಳಕು ಅಲ್ಲಿ ತಾಗಿ ಸಮಾನಾಂತರವಾಗಿ ನಿಮ್ಮ ಕಣ್ಣಿಗೆ ಬರುತ್ತದೆ. ಹಾಗಾಗಿ ಚುಕ್ಕೆ ಗಾಜಿನ ಮೇಲಿದ್ದಂತೆ ಕಾಣುವುದಿಲ್ಲ, ದೂರದಲ್ಲಿ ಹಕ್ಕಿಯ ಹತ್ತಿರವೇ ತೇಲಿದಂತೆ ಕಾಣುತ್ತದೆ. ಕಣ್ಣು ಸ್ವಲ್ಪ ಆಚೀಚೆ ಆದರೂ ಚುಕ್ಕೆ ಗುರಿ ಬಿಡುವುದಿಲ್ಲ. ಈ ಉಪಾಯವನ್ನು ಐರ್ಲೆಂಡಿನ ಹೊವಾರ್ಡ್ ಗ್ರಬ್ 1900ರಲ್ಲೇ ಪೇಟೆಂಟ್ ಮಾಡಿದ್ದರು. ಬ್ಯಾಟರಿಯಲ್ಲಿ ಉರಿಯುವ ಈಗಿನ ರೂಪವನ್ನು ಸ್ವೀಡನ್ನಿನ ಏಮ್‌ಪಾಯಿಂಟ್ 1975ರಲ್ಲಿ ಮಾರುಕಟ್ಟೆಗೆ ತಂದಿತು.

ಇದು ಲೇಸರ್ ಅಲ್ಲ. ಹಕ್ಕಿಯ ಮೇಲೆ ಯಾವ ಬೆಳಕೂ ಬೀಳುವುದಿಲ್ಲ, ಚುಕ್ಕೆ ಕಾಣುವುದು ನಿಮ್ಮ ಕಣ್ಣಿಗೆ ಮಾತ್ರ. ಆನ್‌ಲೈನ್‌ನಲ್ಲಿ ಹುಡುಕುವಾಗ ಇದರ ಪಕ್ಕದಲ್ಲೇ ಲೇಸರ್ ಸೈಟ್ ಕೂಡ ಬರುತ್ತದೆ. ಅದನ್ನು ದಯವಿಟ್ಟು ಮುಟ್ಟಬೇಡಿ, ಹಕ್ಕಿಯ ಕಣ್ಣಿಗೆ ಅಪಾಯ.

ಈ ಸಾಮಾನು ಹುಟ್ಟಿದ್ದು ಬಂದೂಕಿಗಾಗಿ. ಅಮೆರಿಕದಲ್ಲಿ 44 ಮ್ಯಾಗ್ನಮ್ ರಿವಾಲ್ವರ್ ಹಿಡಿದು ಜಿಂಕೆ ಬೇಟೆಗೆ ಹೋಗುವವರು ಇದನ್ನು ಬಹಳ ಇಷ್ಟಪಡುತ್ತಾರೆ. ಕೈ ಚಾಚಿ ಹಿಡಿದ ರಿವಾಲ್ವರಿನಲ್ಲಿ ಹಿಂದಿನ ಕಚ್ಚು, ಮುಂದಿನ ಮೊನೆ, ಗುರಿ ಮೂರನ್ನೂ ಒಂದೇ ಸಾಲಿಗೆ ತರಬೇಕು, ಕಣ್ಣಿಗೆ ಒಂದು ಸಲಕ್ಕೆ ಒಂದೇ ದೂರ ಸ್ಪಷ್ಟವಾಗಿ ಕಾಣುತ್ತದೆ. ಚುಕ್ಕೆ ಇದ್ದರೆ ಗುರಿ ಒಂದನ್ನೇ ನೋಡಿದರೆ ಸಾಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿ ಬೇಟೆ ಅಪರಾಧ, ಆಗಬೇಕಾದದ್ದೇ. ಆದರೆ ಅವರ ಅನುಭವದಿಂದ ನಮಗೆ ಕಲಿಯಲು ಇದೆ. ರಿವಾಲ್ವರಿನ ಸೈಟಿಗೆ ದುಡ್ಡು ಜಾಸ್ತಿ ಬೀಳುವುದಕ್ಕೆ ದೊಡ್ಡ ಕಾರಣ, ಪ್ರತಿ ಗುಂಡಿಗೂ ಬರುವ ಆ ಭಯಂಕರ ಒದೆತವನ್ನು ಅದು ತಡೆದುಕೊಳ್ಳಬೇಕು. ನಿಮ್ಮ ಕ್ಯಾಮೆರಾ ಒದೆಯುವುದಿಲ್ಲ. ಹಾಗಾಗಿ ಟ್ರಿಜಿಕಾನ್, ಏಮ್‌ಪಾಯಿಂಟ್ ಅಂತ ಹೆಸರು ನೋಡಿ ದುಬಾರಿಯದ್ದನ್ನು ತರುವ ಅಗತ್ಯ ಇಲ್ಲ. ಆ ಗಟ್ಟಿತನಕ್ಕೆ ನೀವು ಕೊಡುವ ದುಡ್ಡು ಸುಮ್ನೆ ಹೋಗುತ್ತದೆ.

ಹಾಗಾದರೆ ದುಡ್ಡು ಎಲ್ಲಿಗೆ ಹಾಕಬೇಕು? ಸೈಟು ಕೂರುವ ಬುಡಕ್ಕೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಬಂದೂಕಿನ ಸೈಟುಗಳು ಸಾಮಾನ್ಯವಾಗಿ ಪಿಕಾಟಿನಿ ರೈಲಿಗೆ, ಅಂದರೆ ಸುಮಾರು 20 ಎಂಎಂ ಅಗಲದ ಹಲ್ಲುಹಲ್ಲಿನ ಪಟ್ಟಿಗೆ ಕೂರುತ್ತವೆ. ಏರ್‌ಗನ್ ಸೈಟು 11 ಎಂಎಂ ರೈಲಿಗೆ. ಎರಡೂ ನೇರವಾಗಿ ಕ್ಯಾಮೆರಾಕ್ಕೆ ಕೂರುವುದಿಲ್ಲ, ಫ್ಲ್ಯಾಶ್ ಹಾಕುವ ಹಾಟ್ ಶೂಗೆ ಹೊಂದುವ ಅಡಾಪ್ಟರ್ ಬೇಕು. ನಾನು ಮೊದಲು ತರಿಸಿದ ಅಡಾಪ್ಟರ್ ಪ್ಲಾಸ್ಟಿಕ್ಕಿನದ್ದು, ಕೈಯಲ್ಲಿ ಹಿಡಿದರೆ ಏನೂ ದೋಷ ಕಾಣಲಿಲ್ಲ, ಆದರೆ ಶೂನಲ್ಲಿ ಕೂರಿಸಿ ಬೆರಳಿನಿಂದ ಒತ್ತಿದರೆ ಒಂದು ಕೂದಲೆಳೆಯಷ್ಟು ಅಲುಗಾಡುತ್ತಿತ್ತು. ಇಷ್ಟು ಅಲುಗಾಡಿದರೆ ಏನಾಗುತ್ತದೆ ಅಂದುಕೊಂಡೆ. ಲೆಕ್ಕ ಹಾಕಿ ನೋಡಿ: ಹಾಟ್ ಶೂವಿನ ಬುಡ ಸುಮಾರು 18 ಎಂಎಂ. ಅದರ ಒಂದು ತುದಿ 0.2 ಎಂಎಂ ಎದ್ದರೂ ಸೈಟು 0.64 ಡಿಗ್ರಿ ಓರೆಯಾಗುತ್ತದೆ. 600 ಎಂಎಂ ಲೆನ್ಸಿನ ಚೌಕಟ್ಟಿನ ಎತ್ತರ ಇರುವುದೇ 2.3 ಡಿಗ್ರಿ. ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ ತಪ್ಪಿತು. 3000 ಎಂಎಂನಲ್ಲಾದರೆ ಹಕ್ಕಿ ಚೌಕಟ್ಟಿನಿಂದ ಪೂರ್ತಿ ಹೊರಗೆ. ಇಡೀ ಒಂದು ಚಳಿಗಾಲ ಕೋಡಿಬೇಂಗ್ರೆಯಲ್ಲಿ ನಿಂತು ರೀವಗಳ (ಟರ್ನ್ ಹಕ್ಕಿಗಳ) ಬಾಲ, ರೆಕ್ಕೆತುದಿ ಮಾತ್ರ ತೆಗೆದಿದ್ದೇನೆ, ಕಾರಣ ಗೊತ್ತಾದದ್ದು ಆಮೇಲೆ.

ಹಾಗಾಗಿ ಅಡಾಪ್ಟರ್ ಲೋಹದ್ದೇ ಆಗಿರಲಿ. ಸ್ಕ್ರೂ ಹಾಕಿ ಬಿಗಿ ಮಾಡುವಂತಿರಲಿ. ಬಿಗಿ ಮಾಡಿದ ಮೇಲೆ ಸೈಟು ಹಿಡಿದು ಮೆಲ್ಲ ಅಲುಗಾಡಿಸಿ, ಕ್ಯಾಮೆರಾವೇ ಜೊತೆಗೆ ಅಲುಗಬೇಕು. ಅಂಗಡಿಯಲ್ಲಿ ಕೊಳ್ಳುವುದಾದರೆ ಕ್ಯಾಮೆರಾ ತೆಗೆದುಕೊಂಡೇ ಹೋಗಿ. ಲೆನ್ಸ್ ಹುಡ್ ಕೂಡ ಹಾಕಿ ನೋಡಿ. ದಪ್ಪ ಲೆನ್ಸಿನ ಹುಡ್ ಎದುರಿಗೆ ಬಂದು ಕೆಳಗಿನ ಅರ್ಧ ನೋಟ ಮುಚ್ಚಿಬಿಡುತ್ತದೆ, ಆಗ ಸೈಟನ್ನು ಇನ್ನೊಂದೆರಡು ಸೆಂಟಿಮೀಟರ್ ಎತ್ತರಿಸುವ ತುಂಡು ಬೇಕಾಗುತ್ತದೆ.

ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ಕ್ಯಾಮೆರಾಕ್ಕೆಂದೇ ಮಾಡಿದವು ಉಂಟು. ಒಲಿಂಪಸ್ ಇಇ-1 ಮತ್ತು ನಿಕಾನ್ ಡಿಎಫ್-ಎಂ1. ಎರಡೂ ನೇರ ಹಾಟ್ ಶೂಗೆ ಕೂರುತ್ತವೆ. ಇಇ-1 ಬೇರೆ ಕಂಪೆನಿಯ ಕ್ಯಾಮೆರಾದ ಮೇಲೂ ನಡೆಯುತ್ತದೆ, ನೀರಿನ ಹನಿ ತಡೆಯುತ್ತದೆ, ಮಡಚಿ ಇಡಬಹುದು. ಸಿಕ್ಕಿದರೆ ನಾನು ಮೊದಲು ಹೇಳುವುದು ಇದನ್ನೇ. ಇನ್ನೊಂದು ಅನುಕೂಲ, ಬಜ್ಪೆಯಲ್ಲಿ ವಿಮಾನ ಹತ್ತುವಾಗ ಬ್ಯಾಗಿನಲ್ಲಿ ಬಂದೂಕಿನ ಸಾಮಾನಿನಂತೆ ಕಾಣುವ ವಸ್ತು ಇಟ್ಟುಕೊಂಡು ವಿವರಣೆ ಕೊಡುವ ಕೆಲಸ ಇರುವುದಿಲ್ಲ.

ಈಗ ಗಾಜಿನ ಮಾತು. ಸೈಟಿನಲ್ಲಿ ಎರಡು ಜಾತಿ, ಕೊಳವೆಯಂಥದ್ದು ಮತ್ತು ತೆರೆದ ಕಿಟಕಿಯಂಥದ್ದು. ಹಾರುವ ಹಕ್ಕಿಗೆ ತೆರೆದದ್ದೇ ಸರಿ. ಕೊಳವೆಯ ದಪ್ಪ ಅಂಚು ಸುತ್ತಲಿನ ಆಕಾಶ ಮುಚ್ಚುತ್ತದೆ, ಹಕ್ಕಿ ಯಾವ ಕಡೆಯಿಂದ ಬಂತು ಅಂತಲೇ ಗೊತ್ತಾಗುವುದಿಲ್ಲ. ಪಿಸ್ತೂಲಿಗೆ ಹಾಕುವ ತೀರಾ ಪುಟ್ಟ ಕಿಟಕಿಯದ್ದೂ ಬೇಡ, ಚುಕ್ಕೆ ಹುಡುಕುವುದೇ ಒಂದು ಕೆಲಸ ಆಗುತ್ತದೆ. ಕಿಟಕಿ 30 ಎಂಎಂ ಆಸುಪಾಸು ಅಗಲ ಇದ್ದರೆ ಆರಾಮ. ದೊಡ್ಡದು ಮಾಡುವ ಸ್ಕೋಪ್ ಅಂತೂ ಬೇಡವೇ ಬೇಡ, ನಮಗೆ ಬೇಕಾದದ್ದು ಬರಿಗಣ್ಣಿನ ನೋಟ.

ಚುಕ್ಕೆಯ ಗಾತ್ರವನ್ನು ಎಂಒಎ ಲೆಕ್ಕದಲ್ಲಿ ಬರೆದಿರುತ್ತಾರೆ. 1 ಎಂಒಎ ಅಂದರೆ ಡಿಗ್ರಿಯ 60ರಲ್ಲಿ ಒಂದು ಪಾಲು, 100 ಮೀಟರಿನಲ್ಲಿ 2.9 ಸೆಂಟಿಮೀಟರ್. 4 ಎಂಒಎ ಚುಕ್ಕೆ 50 ಮೀಟರಿನಲ್ಲಿ ಆರು ಸೆಂಟಿಮೀಟರಿನಷ್ಟು ಜಾಗ ಮುಚ್ಚುತ್ತದೆ. ಗರುಡಕ್ಕೆ ಏನೂ ತೊಂದರೆ ಇಲ್ಲ. ಬೇಟೆಯವರು ಇದರ ಮೇಲೆ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ, ನಮಗೆ 3ರಿಂದ 5ರ ಒಳಗೆ ಯಾವುದಾದರೂ ಸರಿ.

ಬೆಳಕಿನ ಬಗ್ಗೆ ಮಾತ್ರ ರಾಜಿ ಬೇಡ. ಕಾಪು ಕಡಲ ತೀರದಲ್ಲಿ ಮಧ್ಯಾಹ್ನ ಹನ್ನೊಂದಕ್ಕೆ ನಿಂತು ನೋಡಿ, ನೀರಿನ ಹೊಳಪು, ಮರಳಿನ ಹೊಳಪು, ಮೇಲೆ ಬೆಳ್ಳಗಿನ ಆಕಾಶ. ಮಬ್ಬು ಚುಕ್ಕೆ ಅಲ್ಲಿ ಕಾಣುವುದೇ ಇಲ್ಲ. ಟೆಲಿಸ್ಕೋಪಿಗೆ ಹಾಕುವ ರೆಡ್ ಡಾಟ್ ಫೈಂಡರ್ ಅಗ್ಗಕ್ಕೆ ಸಿಗುತ್ತದೆ, ನೋಡಲೂ ಹೀಗೇ ಇರುತ್ತದೆ, ಆದರೆ ಅದನ್ನು ಮಾಡಿರುವುದು ರಾತ್ರಿಯ ಕತ್ತಲೆಗೆ. ಹಗಲಿಗೆ ಹೆಚ್ಚಿನವು ಸಾಲುವುದಿಲ್ಲ. ಬೆಳಕು ಕೈಯಿಂದ ಹೆಚ್ಚುಕಡಿಮೆ ಮಾಡುವಂತಿರಲಿ. ತಾನಾಗಿ ಬದಲಾಗುವ ಸೈಟುಗಳು ತೆಂಗಿನ ನೆರಳಲ್ಲಿ ನಿಂತು ಬೆಳಕಿನ ಆಕಾಶಕ್ಕೆ ಗುರಿ ಇಟ್ಟಾಗ ನೆರಳಿನ ಲೆಕ್ಕ ಹಿಡಿದು ಚುಕ್ಕೆ ಮಂಕು ಮಾಡಿಬಿಡಬಹುದು.

ಚುಕ್ಕೆ ದುಂಡಗೆ ಕಾಣದೆ ನಕ್ಷತ್ರದಂತೆ ಒಡೆದೋ, ಬಾಲ ಎಳೆದಂತೆಯೋ ಕಂಡರೆ ಕೂಡಲೇ ಸೈಟು ವಾಪಸ್ ಮಾಡಬೇಡಿ. ಮೊಬೈಲ್ ಹಿಡಿದು ಆ ಚುಕ್ಕೆಯ ಒಂದು ಫೋಟೋ ತೆಗೆಯಿರಿ. ಫೋಟೋದಲ್ಲಿ ದುಂಡಗಿದ್ದರೆ ಸೈಟು ಸರಿ ಇದೆ, ನಿಮ್ಮ ಕಣ್ಣಿನಲ್ಲಿ ಅಸ್ಟಿಗ್ಮ್ಯಾಟಿಸಮ್ ಎಂಬ ದೃಷ್ಟಿದೋಷ ಇರಬಹುದು. ಕನ್ನಡಕ ಹಾಕಿಕೊಂಡೇ ನೋಡಿ, ಬೆಳಕು ಒಂದು ಹಂತ ಇಳಿಸಿ. ನನ್ನ ಭಾವನಿಗೆ ಹೀಗೇ ಆಗಿತ್ತು, ಎರಡು ಸೈಟು ಬದಲಾಯಿಸಿದ ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋದರು.

ಇನ್ನು ಹೊಂದಿಸುವುದು. ಟ್ರೈಪಾಡ್ ಮೇಲೆ ಕ್ಯಾಮೆರಾ ಇಡಿ. ಲೆನ್ಸನ್ನು ಪೂರ್ತಿ ಜೂಮ್ ಮಾಡಿ, ಸ್ಟೆಬಿಲೈಸೇಶನ್ ಆಫ್ ಮಾಡಿ. 50 ಮೀಟರ್ ದೂರದಲ್ಲಿ ಅಲುಗದ ಒಂದು ವಸ್ತು ಹಿಡಿಯಿರಿ, ಲೈಟು ಕಂಬದ ತುದಿಯೋ ಮನೆಯ ಮಾಡಿನ ಮೂಲೆಯೋ ಆದೀತು. ತೆಂಗಿನ ಗರಿ ಬೇಡ, ಗಾಳಿಗೆ ಅಲ್ಲಾಡುತ್ತದೆ. ಅದನ್ನು ಚೌಕಟ್ಟಿನ ನಟ್ಟನಡುವೆ ತಂದು ಟ್ರೈಪಾಡ್ ಬಿಗಿ ಮಾಡಿ. ಈಗ ಕ್ಯಾಮೆರಾ ಮುಟ್ಟದೆ ಸೈಟಿನ ಎರಡು ಸ್ಕ್ರೂ ತಿರುಗಿಸಿ, ಒಂದು ಮೇಲೆ ಕೆಳಗೆ, ಇನ್ನೊಂದು ಎಡ ಬಲ. ಚುಕ್ಕೆ ಅದೇ ವಸ್ತುವಿನ ಮೇಲೆ ಬಂದು ಕೂತರೆ ಆಯಿತು. ಸ್ಕ್ರೂ ಕೊನೆಗೆ ಬಂದರೂ ಚುಕ್ಕೆ ಬರಲಿಲ್ಲವಾದರೆ ಸೈಟು ಮತ್ತು ಅಡಾಪ್ಟರಿನ ನಡುವೆ ಒಂದು ತುದಿಗೆ ತೆಳು ಲೋಹದ ತಗಡು ಸೇರಿಸಿ.

50 ಮೀಟರ್ ಯಾಕೆ? ಸೈಟು ಲೆನ್ಸಿನ ನಡುಗೆರೆಗಿಂತ ಸುಮಾರು 10 ಸೆಂಟಿಮೀಟರ್ ಮೇಲಿರುತ್ತದೆ. ಎರಡರ ದೃಷ್ಟಿ ಸೇರುವುದು ನೀವು ಹೊಂದಿಸಿದ ದೂರದಲ್ಲಿ ಮಾತ್ರ. 50ಕ್ಕೆ ಹೊಂದಿಸಿದರೆ 25 ಮೀಟರಿನಲ್ಲಿ 5 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ, ಪರವಾಗಿಲ್ಲ. ಇನ್ನೂ ದೂರಕ್ಕೆ ಹೋದರೂ ಚೌಕಟ್ಟಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ 5 ಮೀಟರಿನಲ್ಲಿ 9 ಸೆಂಟಿಮೀಟರ್ ತಪ್ಪುತ್ತದೆ, ಅಲ್ಲಿ ಚೌಕಟ್ಟಿನ ಎತ್ತರವೇ 20 ಸೆಂಟಿಮೀಟರ್. ಅಂಗಳದ ದಾಸವಾಳಕ್ಕೆ ಬರುವ ಸೂರಕ್ಕಿಗೆ ಸೈಟು ಬೇಡ, ವ್ಯೂಫೈಂಡರ್ ಸಾಕು.

ಬಳಸುವಾಗ ಎರಡೂ ಕಣ್ಣು ತೆರೆದಿರಲಿ. ನೋಡಬೇಕಾದದ್ದು ಹಕ್ಕಿಯನ್ನು, ಚುಕ್ಕೆಯನ್ನಲ್ಲ. ಚುಕ್ಕೆ ತಾನಾಗಿ ಬಂದು ಸೇರುತ್ತದೆ. ವ್ಯೂಫೈಂಡರ್ ನೋಡುವುದಿಲ್ಲವಾದ್ದರಿಂದ ಆಟೋಫೋಕಸ್ಸನ್ನು ಒಂದೇ ಬಿಂದುವಿಗೆ ಕಟ್ಟಿಹಾಕಬೇಡಿ, ಅಗಲ ಜಾಗದ ಟ್ರ್ಯಾಕಿಂಗ್ ಇಡಿ. ಲೆನ್ಸಿನಲ್ಲಿ ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಫೋಕಸ್ ಲಿಮಿಟರ್ ಇದ್ದರೆ ಹತ್ತಿರದ ದೂರ ಬಿಡಿಸಿ. ಶಟರ್ 1/2000 ಸೆಕೆಂಡ್ ಅಥವಾ ಅದಕ್ಕಿಂತ ವೇಗ. ಸಂಜೆ ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲ ಮೇಲೇ ಇರುತ್ತಾನೆ. ಹಕ್ಕಿಯ ಹಿಂದೆ ಬೀಳುವ ಉತ್ಸಾಹದಲ್ಲಿ ಲೆನ್ಸ್ ನೇರ ಸೂರ್ಯನಿಗೆ ಹೋದರೆ ಒಳಗಿನ ಭಾಗಗಳು ಸುಟ್ಟುಹೋಗಬಹುದು, ವ್ಯೂಫೈಂಡರ್ ನೋಡದಿರುವಾಗ ಇದು ಗೊತ್ತೇ ಆಗುವುದಿಲ್ಲ, ಜಾಗ್ರತೆ.

ಗರುಡಕ್ಕೆ ಹೋಗುವ ಮೊದಲು ಒಂದು ವಾರ ಕಾಗೆಗಳ ಮೇಲೆ ಅಭ್ಯಾಸ ಮಾಡಿ. ಮಂಗಳೂರಿನಲ್ಲಿ ಯಾವ ಮನೆಯ ತಾರಸಿಗೆ ಹತ್ತಿದರೂ ಕಾಗೆ ಸಿಗುತ್ತದೆ, ಸಂಜೆ ಸಾಲುಸಾಲಾಗಿ ಹಾರಿ ಹೋಗುತ್ತವೆ. ಹತ್ತು ಫೋಟೋದಲ್ಲಿ ಏಳರಲ್ಲಿ ಕಾಗೆ ಪೂರ್ತಿ ಒಳಗೆ ಬಂತು ಅಂದರೆ ತಣ್ಣೀರುಬಾವಿಗೋ ಮಲ್ಪೆಗೋ ಹೊರಡಿ. ತಪ್ಪಿದವೆಲ್ಲ ಒಂದೇ ಕಡೆಗೆ ತಪ್ಪುತ್ತಿದ್ದರೆ ಸೈಟನ್ನು ಇನ್ನೊಮ್ಮೆ ಹೊಂದಿಸಬೇಕು, ಎಲ್ಲಾ ಕಡೆಗೂ ತಪ್ಪುತ್ತಿದ್ದರೆ ಮೊದಲು ಅಡಾಪ್ಟರ್ ಅಲುಗುತ್ತಿದೆಯಾ ನೋಡಿ.

ಉಪ್ಪುಗಾಳಿ ನಮ್ಮ ದೊಡ್ಡ ಶತ್ರು. ಕಡಲ ಬದಿಯಿಂದ ಬಂದ ದಿನವೇ ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಸೈಟು, ಸ್ಕ್ರೂ ಎಲ್ಲಾ ಒರೆಸಿ ಒಣಗಿಸಿ, ಗಾಜಿಗೆ ಬೇರೆ ಮೆದು ಬಟ್ಟೆ. ಎಸಿ ಕಾರಿನಿಂದ ಇಳಿದ ಕೂಡಲೇ ಗಾಜಿಗೆ ಮಂಜು ಹಿಡಿಯುತ್ತದೆ, ಆಗ ಉಜ್ಜಬೇಡಿ, ತಾನಾಗಿ ಹೋಗಲಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳು ಬಂದರಿನಲ್ಲೇ ನಿಂತಿರುತ್ತವೆ, ಹೊರಗೆ ಮಳೆ. ಆ ಎರಡು ತಿಂಗಳು ಸೈಟಿನ ಬ್ಯಾಟರಿ ತೆಗೆದು ಬೇರೆ ಇಡಿ, ಇಲ್ಲವಾದರೆ ಅದು ಸೋರಿ ಒಳಗೆ ಹಸಿರು ಹಿಡಿಯಬಹುದು. ಸೈಟು, ಲೆನ್ಸ್ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿಡಿ, ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಆಗಸ್ಟಿನಲ್ಲಿ ಡಬ್ಬಿ ತೆರೆದಾಗ ಮೊದಲ ಕೆಲಸ, ಟ್ರೈಪಾಡ್ ಇಟ್ಟು ಅದೇ ಲೈಟು ಕಂಬದ ತುದಿಗೆ ಚುಕ್ಕೆ ಇನ್ನೂ ಸರಿಯಾಗಿ ಕೂರುತ್ತದಾ ಅಂತ ನೋಡುವುದು.