ಕೊಲ್ಹಾಪುರಿ ಚಪ್ಪಲಿ ಆನ್‌ಲೈನ್‌ನಲ್ಲಿ ಮಾರ್ತೀರಾ? ಮೊದಲು ಅಂಚು ನೋಡಿ

ಅಥಣಿ, ನಿಪ್ಪಾಣಿ ಕಡೆಯಿಂದ ಕೊಲ್ಹಾಪುರಿ ಚಪ್ಪಲಿ ತಂದು ಇನ್‌ಸ್ಟಾಗ್ರಾಂನಲ್ಲೋ ವಾಟ್ಸಾಪ್‌ನಲ್ಲೋ ಮಾರುವವರು ಮೇಲಿನ ಪಟ್ಟಿಯ ಚಂದ ನೋಡಿ ಮಾಲು ಎತ್ತಬಾರದು. ಜಡೆ, ಗೊಂಡೆ, ಜರಿ ಎಲ್ಲವನ್ನೂ ರೆಕ್ಸಿನ್ ಮೇಲೂ ಅಷ್ಟೇ ಚಂದ ಕೂರಿಸುತ್ತಾರೆ. ಸುಳ್ಳು ಸಿಕ್ಕಿಬೀಳುವುದು ಅಟ್ಟೆಯ ಅಂಚಿನಲ್ಲಿ.

ಚಪ್ಪಲಿಯನ್ನು ಹಗಲು ಬೆಳಕಿನಲ್ಲಿ ಅಡ್ಡ ಹಿಡಿಯಿರಿ. ಅಸಲಿ ಕೊಲ್ಹಾಪುರಿಯದು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಅದು ಒಳಗಿನತನಕ ಕಂದು ಬಣ್ಣವೇ ಇರುತ್ತದೆ, ಬೇಕಾದರೆ ನಡುವೆ ತುಸು ತಿಳಿ. ನಡುವೆ ನೀಲಿ ಬೆರೆತ ಬೂದು ಬಣ್ಣ ಕಂಡರೆ ಕ್ರೋಮ್ ಹದದ, ಅಂದರೆ ತೊಗಟೆಯ ಬದಲು ಕ್ರೋಮಿಯಂ ಲವಣ ಹಾಕಿ ಹದ ಮಾಡಿದ ಚರ್ಮ. ಬಟ್ಟೆಯ ಎಳೆ ಕಂಡರೆ ರೆಕ್ಸಿನ್, ಮುಂದೆ ನೋಡುವುದೇ ಬೇಡ. ಹೆಚ್ಚಾಗಿ ಮೋಸ ಹೋಗುವುದು ಮೂರನೆಯ ಬಗೆಯಲ್ಲಿ: ಮೇಲೆ, ಕೆಳಗೆ ನಿಜವಾದ ತೊಗಲು, ನಡುವೆ ಚರ್ಮದ ಪುಡಿ ಒತ್ತಿ ಮಾಡಿದ ಬೋರ್ಡು. ಉಗುರಿನಿಂದ ಕೆರೆದರೆ ತೊಗಲು ನಾರುನಾರಾಗಿ ಏಳುತ್ತದೆ, ಬೋರ್ಡು ಪುಡಿಯಾಗಿ ಉದುರುತ್ತದೆ. ಮಳೆ ನೀರು ಕುಡಿದರೆ ಅದು ಉಬ್ಬಿ ಪದರ ಬಿಡುತ್ತದೆ, ಗಿರಾಕಿ ಬೈಯುವುದು ನಿಮ್ಮನ್ನು. ಅಂಚಿಗೆ ದಪ್ಪ ಬಣ್ಣ ಬಳಿದಿದ್ದರೆ ಹಿಮ್ಮಡಿಯ ಹತ್ತಿರ ಸ್ವಲ್ಪ ಕೆರೆದು ನೋಡದೆ ದುಡ್ಡು ಕೊಡಬೇಡಿ.

ಅಂಚು ನೋಡಿಯೂ ಅನುಮಾನ ಉಳಿದರೆ ಕಬ್ಬಿಣದ ಪರೀಕ್ಷೆ ಮಾಡಿ. ತುಕ್ಕು ಹಿಡಿದ ನಾಲ್ಕೈದು ಮೊಳೆಗಳನ್ನು ವಿನೆಗರ್‌ನಲ್ಲಿ ಮುಳುಗಿಸಿ ಒಂದೆರಡು ದಿನ ಬಿಡಿ. ಮುಚ್ಚಳ ಬಿಗಿಯಬೇಡಿ, ಗಾಳಿ ತುಂಬಿಕೊಳ್ಳುತ್ತದೆ. ಹಿಮ್ಮಡಿಯ ಕೆಳಗಿನಿಂದ ಅಕ್ಕಿಕಾಳಿನಷ್ಟು ತೊಗಲು ಕೆತ್ತಿ, ಹೊಸದಾಗಿ ಕೊಯ್ದ ಮುಖದ ಮೇಲೆ ಆ ನೀರಿನ ಒಂದು ಹನಿ ಬಿಡಿ. ತೊಗಟೆಯ ಒಗರು ಕಬ್ಬಿಣಕ್ಕೆ ಸೇರಿದ ಕೂಡಲೇ ಕಪ್ಪಾಗುತ್ತದೆ. ಬರೀ ಕ್ರೋಮ್ ಚರ್ಮ ಹಾಗೆ ಕಪ್ಪಾಗುವುದಿಲ್ಲ. ಆದರೆ ಕ್ರೋಮ್ ಹದದ ಮೇಲೆ ಮತ್ತೆ ತೊಗಟೆ ಹದ ಕೊಟ್ಟ ಚರ್ಮವೂ ಇದೆ, ಅದೂ ಕಪ್ಪಾಗುತ್ತದೆ. ಹಾಗಾಗಿ ಇನ್ನೊಂದು ಚೂರನ್ನು ಕುದಿಯುವ ನೀರಿಗೆ ಹಾಕಿ: ತೊಗಟೆ ಹದದ್ದು ಮುದುಡಿ ಸುರುಟಿಕೊಳ್ಳುತ್ತದೆ, ಕ್ರೋಮ್ ಬಹುತೇಕ ಹಾಗೇ ಇರುತ್ತದೆ. ಕಬ್ಬಿಣದ ನೀರಿನ ಹನಿಯನ್ನು ಪಟ್ಟಿಯ ಮೇಲೆ ಬಿಡಲೇಬೇಡಿ, ಆ ಕಲೆ ಹೋಗುವುದಿಲ್ಲ. ಸುಟ್ಟು ನೋಡುವುದು ಅರ್ಧ ಪರೀಕ್ಷೆ. ಕೂದಲು ಸುಟ್ಟ ವಾಸನೆ ಬಂದರೆ ತೊಗಲು ಎಂದಷ್ಟೇ ಗೊತ್ತಾಗುತ್ತದೆ, ಹದ ಯಾವುದೆಂದು ತಿಳಿಯುವುದಿಲ್ಲ.

ಇನ್ನು ಹೊಲಿಗೆ. ಹಳೆಯ ಪದ್ಧತಿಯಲ್ಲಿ ಮೊಳೆ ಇಲ್ಲ, ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. ಚಪ್ಪಲಿ ತಿರುಗಿಸಿದರೆ ಚಪ್ಪಟೆ ಎಳೆ, ಒಂದಿಷ್ಟು ಹೆಚ್ಚುಕಮ್ಮಿ ಅಂತರದ ಹೊಲಿಗೆ ಕಾಣುತ್ತದೆ. ಎರಡೂ ಬದಿಯ ಕಿವಿಗಳು, ಅಂದರೆ ಮೇಲಿನ ಪಟ್ಟಿಯನ್ನು ಹಿಡಿದಿಡುವ ತೊಗಲಿನ ತುಂಡುಗಳು, ಅಟ್ಟೆಯ ಪದರಗಳ ನಡುವೆ ಸೇರಿರಬೇಕು. ಬದಿಗೆ ಬರೀ ಅಂಟು ಹಚ್ಚಿ ನಿಲ್ಲಿಸಿದ್ದರೆ ಎಳೆದಾಗ ಕಿತ್ತು ಬರುತ್ತವೆ. ಆದರೆ ನೂಲಿನ ಹೊಲಿಗೆ ಕಂಡ ಮಾತ್ರಕ್ಕೆ ನಕಲಿ ಎನ್ನಬೇಡಿ, ಕೈಕೆಲಸದವರೂ ನೂಲು ಬಳಸುತ್ತಾರೆ. ನಡೆಯುವಾಗ ಕರ್‌ಕರ್ ಅನ್ನುವುದೂ ಪುರಾವೆಯಲ್ಲ. ಬೇಕೆಂದೇ ಹಾಗೆ ಮಾಡಿಸಬಹುದು.

ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಎಂದು ಬರೆಯುವ ಮೊದಲು ಎರಡು ಸಲ ಯೋಚಿಸಿ. ಕೊಲ್ಹಾಪುರಿ ಚಪ್ಪಲಿಯ ಜಿಐ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಮಹಾರಾಷ್ಟ್ರದ ಕೊಲ್ಹಾಪುರ, ಸೊಲ್ಲಾಪುರ, ಸಾಂಗ್ಲಿ, ಸಾತಾರಾಗಳಿಗೂ ಸೇರಿದ್ದು. ಹಾಗಾಗಿ ಅಥಣಿಯಲ್ಲಿ ಮಾಡಿದ್ದು ಕೊಲ್ಹಾಪುರಿ ಅಲ್ಲ ಎಂದು ಯಾರಾದರೂ ಕಮೆಂಟ್ ಹಾಕಿದರೆ ಹೆದರಬೇಕಿಲ್ಲ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಯನ್ನು ಮೂಲ ಹೇಳದೆ ತೋರಿಸಿ ಗಲಾಟೆಯಾದ ಮೇಲೆ ಈ ಪ್ರಶ್ನೆ ಕೇಳುವವರು ಇದ್ದೇ ಇರುತ್ತಾರೆ. ಆದರೆ ಜಿಲ್ಲೆ ಸರಿಯಿದ್ದರೆ ಸಾಲದು. ಮಾಡಿದವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಅವರ ನೋಂದಣಿ ಪ್ರತಿ ಕೇಳಿ ಇಟ್ಟುಕೊಳ್ಳಿ. ಸುಳ್ಳು ಜಿಐ ಹಾಕಿದರೆ 1999ರ ಜಿಐ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, ಜೊತೆಗೆ ದಂಡವೂ ಇದೆ. ಪ್ರತಿ ಸಿಗದಿದ್ದರೆ "ಅಥಣಿಯ ಕೈಕೆಲಸ, ತೊಗಟೆ ಹದ" ಎಂದು ನೀವು ಪರೀಕ್ಷಿಸಿದ್ದನ್ನಷ್ಟೇ ಬರೆಯಿರಿ.

ಫೋಟೊದಲ್ಲಿ ಮೇಲ್ಭಾಗ, ಅಟ್ಟೆಯ ಕೆಳಭಾಗ, ಅಂಚು, ಹೆಬ್ಬೆರಳು ತೂರಿಸುವ ಉಂಗುಟ ಕೂಡುವ ಜಾಗ, ಕಿವಿ ಇವೆಲ್ಲ ಬೇಕು, ಅದೂ ಫಿಲ್ಟರ್ ಇಲ್ಲದೆ. ಈ ತೊಗಲು ಬಿಸಿಲಿಗೂ ಎಣ್ಣೆಗೂ ಗಾಢವಾಗುತ್ತದೆ ಎಂದು ಮೊದಲೇ ತಿಳಿಸಿದರೆ ಬಣ್ಣದ ತಕರಾರು ಬರುವುದಿಲ್ಲ. ನಂಬರ್ ಜೊತೆಗೆ ಎರಡೂ ಕಾಲಿನ ಅಟ್ಟೆಯ ಉದ್ದ ಸೆಂಟಿಮೀಟರ್‌ನಲ್ಲಿ ಕೊಡಿ. ಕೈಕೆಲಸದಲ್ಲಿ ಎಡಬಲ ಕೂದಲೆಳೆಯಷ್ಟು ಬೇರೆಯಾಗುವುದು ಸಹಜ. ಕಾಣದ ಜಾಗದಲ್ಲಿ ಸಣ್ಣ ಗುರುತು ಹಾಕಿ ಫೋಟೊ ತೆಗೆದಿಟ್ಟುಕೊಳ್ಳಿ. ಗಿರಾಕಿ ವಾಪಸ್ ಕಳಿಸಿದ್ದು ನಿಮ್ಮದೇ ಜೋಡಿಯೋ ಅಲ್ಲವೋ ಎಂಬ ಜಗಳಕ್ಕೆ ಅದೊಂದೇ ಸಾಕ್ಷಿ.

ಮಳೆಗಾಲದಲ್ಲಿ ಮಾಲು ತೇವವಾಗಿದ್ದರೆ ನೆರಳಿನಲ್ಲೇ ಆರಿಸಿ. ಬಿಸಿಲಿಗಿಟ್ಟರೆ ಬಿರಿಯುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ನೇರವಾಗಿ ತುಂಬಿದರೆ ಬೂಷ್ಟು ಹಿಡಿಯುತ್ತದೆ, ನ್ಯೂಸ್ ಪೇಪರ್ ಸುತ್ತಿದರೆ ಮಸಿ ಹತ್ತುತ್ತದೆ. ಹತ್ತಿ ಬಟ್ಟೆ ಸುತ್ತಿ, ಡಬ್ಬಿಗೆ ಹಾಕಿ, ಅದರ ಮೇಲೆ ಕೊರಿಯರ್ ಚೀಲ ಹಾಕಿ.