ತೋಟದ ಕೆರೆಯಲ್ಲಿ ಹೆಲಿಕಾಪ್ಟರ್ ಮಗುಚಿದ್ದು: ನನ್ನ ಅನುಭವ

ಈ ಸಲ ನನ್ನಲ್ಲಿಂದ ಹೋದ ಹುಡುಗರೆಲ್ಲ ಹ್ಯೂಯೆಟ್, ಅಂದರೆ ನೀರಿಗೆ ಬಿದ್ದು ಮಗುಚಿದ ಹೆಲಿಕಾಪ್ಟರಿನಿಂದ ಹೊರಬರುವ ಪರೀಕ್ಷೆ, ಪಾಸಾಗಿ ಬಂದರು. ಒಬ್ಬನನ್ನು ಮಾತ್ರ ಕಿವಿ ಸೋರುತ್ತದೆ ಎಂದು ವೈದ್ಯಕೀಯ ಪರೀಕ್ಷೆಯಲ್ಲೇ ತಡೆದರು, ಅವನು ನೀರಿಗೇ ಇಳಿಯಲಿಲ್ಲ. ಹಿಂದೆ ಕಡಲಿನಲ್ಲಿ ತೈಲ ತೆಗೆಯುವ ರಿಗ್ಗಿನ ಸೇಫ್ಟಿ ವಿಭಾಗದಲ್ಲಿ ನನ್ನ ಜೊತೆಗಿದ್ದ ಮುಂಬೈ ಗೆಳೆಯರು, "ತೀರ್ಥಹಳ್ಳಿ ತೋಟದ ಕೆರೆಯಲ್ಲಿ ಹೆಲಿಕಾಪ್ಟರ್ ಮುಳುಗಿಸುತ್ತಾನಂತೆ" ಎಂದು ಎರಡು ಮೂರು ವರ್ಷ ಆಡಿಕೊಂಡಿದ್ದರು. ಈಗ ಅವರೇ ಫೋನ್ ಮಾಡಿ, ಹುಡುಗರನ್ನು ಕೂರಿಸಿ ಕೆರೆಗೆ ಇಳಿಸಿ ಮಗುಚುವ ನನ್ನ ಚೌಕಟ್ಟಿನ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವಷ್ಟು ಸಹನೆ ನನಗಿಲ್ಲ, ಒಟ್ಟಿಗೇ ಬರೆಯುತ್ತೇನೆ. ಓದುವವರು ಕಡಲಿನ ಮೇಲೆ ದುಡಿದವರೇ ಎಂದುಕೊಂಡು, ಬ್ರೇಸ್ ಪೊಸಿಷನ್ ಎಂದರೇನು, ಲೈಫ್‌ಜಾಕೆಟನ್ನು ಯಾವಾಗ ಉಬ್ಬಿಸಬೇಕು ಎಂಬ ಪಾಠಕ್ಕೆ ಹೋಗುವುದಿಲ್ಲ.

ಶಿವಮೊಗ್ಗ, ಸಾಗರ, ಹೊಸನಗರ ಕಡೆಯ ಐಟಿಐ ಹುಡುಗರು ಬಾಂಬೆ ಹೈಗೆ (ಮುಂಬೈ ಹೈ ಎಂದೂ ಕರೆಯುವ, ಮುಂಬೈ ಕಡಲಿನ ತೈಲ ಕ್ಷೇತ್ರಕ್ಕೆ) ಹೋಗುವುದು ಈಗ ಹೊಸದೇನಲ್ಲ. ವೆಲ್ಡರ್, ಫಿಟ್ಟರ್, ಅಡುಗೆ ವಿಭಾಗ, ಏನೂ ಸಿಗದಿದ್ದರೆ ರೌಸ್ಟಬೌಟ್, ಅಂದರೆ ರಿಗ್ಗಿನ ಕೂಲಿಯಾಳು. ಕೆಲಸದ ಭರವಸೆ ಸಿಕ್ಕ ಮೇಲೆ ಹ್ಯೂಯೆಟ್ ಸೇರಿದ ಸಮುದ್ರ ಸುರಕ್ಷತೆಯ ತರಬೇತಿ ಮಾಡಿಸಿಕೊಳ್ಳಬೇಕು. ಶುಲ್ಕ, ವೈದ್ಯಕೀಯ, ಓಡಾಟ, ಉಳಿದುಕೊಳ್ಳುವ ಖರ್ಚು ಎಲ್ಲ ಸೇರಿ ಒಬ್ಬನಿಗೆ 45–50 ಸಾವಿರ ಬೀಳುತ್ತದೆ. ನಮ್ಮ ಕಡೆ ಅದು ಅಡಿಕೆಯ ದುಡ್ಡು, ಇಲ್ಲವೇ ಸೊಸೈಟಿ ಸಾಲ. ಹತ್ತು ಜನ ಹೋದರೆ ಮೂರು ನಾಲ್ಕು ಜನ ನೀರಿನ ಪರೀಕ್ಷೆಯಲ್ಲಿ ಹೆದರಿ ವಾಪಸು ಬರುತ್ತಿದ್ದರು. ಮತ್ತೆ ಹೋಗಲು ಮತ್ತೆ ದುಡ್ಡು. ಈ ನಡುವೆ "ನೀರಿಗೆ ಇಳಿಯುವುದೇ ಬೇಡ, ಸರ್ಟಿಫಿಕೇಟ್ ನಾನು ಕೊಡಿಸುತ್ತೇನೆ" ಎನ್ನುವ ಏಜೆಂಟರು ಬೇರೆ.

ನನ್ನನ್ನು ಕೆಣಕಿದ ಸಂಗತಿಯೆಂದರೆ, ಸೋತು ಬಂದವರಲ್ಲಿ ಹೆಚ್ಚಿನವರು ಒಳ್ಳೆಯ ಈಜುಗಾರರು. ಮಳೆಗಾಲದ ತುಂಗೆಯನ್ನು ಅಡ್ಡ ಹಾಯ್ದವರು. ಈಜು ಬಾರದವನು ಹೇಳಿದ್ದನ್ನು ಹೇಳಿದಂತೆ ಮಾಡುತ್ತಾನೆ. ಈಜು ಬಲ್ಲವನು ನೀರು ಎದೆಗೆ ಬಂದ ಕೂಡಲೇ ಬೆಲ್ಟ್ ಬಿಚ್ಚಿ ಕಾಲು ಬಡಿಯುತ್ತಾನೆ. ಅಷ್ಟರಲ್ಲಿ ಕ್ಯಾಬಿನ್ ಮಗುಚುತ್ತದೆ. ಬೆಲ್ಟ್ ಇಲ್ಲದ ಮೈ ತೇಲಿ ನೆಲಕ್ಕೆ ಒತ್ತಿಕೊಳ್ಳುತ್ತದೆ. ಅದು ನೆಲವೋ ಚಾವಣಿಯೋ ತಿಳಿಯುವುದಿಲ್ಲ, ಕಿಟಕಿ ಎಡಕ್ಕಿತ್ತೋ ಬಲಕ್ಕಿತ್ತೋ ನೆನಪಿಗೆ ಬರುವುದಿಲ್ಲ. ಸರಿಯಾದ ಕ್ರಮ ಬೇರೆ: ಒಂದು ಕೈ ಕಿಟಕಿಯ ಅಂಚಿನಲ್ಲಿ, ಇನ್ನೊಂದು ಬಕಲ್ ಮೇಲೆ. ಉರುಳುವುದು ನಿಂತು, ನೀರು ಪೂರ್ತಿ ತುಂಬಿದ ಮೇಲೆ ಕಿಟಕಿ ತಳ್ಳಿ, ಕೊನೆಯಲ್ಲಿ ಬಕಲ್ ಬಿಚ್ಚಬೇಕು. ಇಷ್ಟೇ ವಿದ್ಯೆ. ಇದಕ್ಕೆ ಈಜಿಗಿಂತ ಸುಮ್ಮನಿರುವ ಅಭ್ಯಾಸ ಬೇಕು.

2022ರ ಜೂನ್ 28ರಂದು ಮುಂಬೈ ಕಡಲಿನಲ್ಲಿ ಸಾಗರ್ ಕಿರಣ್ ರಿಗ್ ಹತ್ತಿರ ಹೆಲಿಕಾಪ್ಟರ್ ನೀರಿಗೆ ಬಿತ್ತು. ಒಂಬತ್ತು ಜನರಲ್ಲಿ ನಾಲ್ವರು ತೀರಿಕೊಂಡರು. ಆ ವಾರ ಪಕ್ಕದ ಊರಿನ ತಾಯಿಯೊಬ್ಬರು ಮನೆಗೆ ಬಂದು, "ನಮ್ಮ ಹುಡುಗನಿಗೆ ಅದೇನೋ ಚೀಟಿ ಆಗಿದೆಯಂತೆ, ನೀರಿಗೆ ಇಳಿದೇ ಇಲ್ಲವಂತೆ. ನೀವೇ ನೋಡಿ ಹೇಳಿ" ಎಂದರು. ಚೀಟಿ ನೋಡಿದೆ. ಏಜೆಂಟನ ಕೃಪೆ. ಚೌಕಟ್ಟು ಕಟ್ಟುವ ನಿರ್ಧಾರ ಆಗಿದ್ದು ಅವತ್ತು.

ಮೊದಲನೆಯದು ಬಿದಿರಿನದು. ದುಡ್ಡು ಉಳಿಯಿತು ಎಂದು ಖುಷಿಪಟ್ಟೆವು, ಅದು ಮುಳುಗಲೇ ಇಲ್ಲ. ಕಲ್ಲು ಕಟ್ಟಿದರೆ ಒಂದು ಮಗ್ಗುಲಿಗೆ ವಾಲಿತು. ಎರಡು ದಿನ ನೆನೆದ ಹಗ್ಗ ಸಡಿಲಗೊಂಡು ಸೀಟು ಒಂದು ಕಡೆ, ಬಿದಿರು ಇನ್ನೊಂದು ಕಡೆ ಹೋಯಿತು. ಎರಡನೆಯದನ್ನು ಶಿವಮೊಗ್ಗದಲ್ಲಿ ಕಬ್ಬಿಣದ ಆಂಗಲ್‌ನಲ್ಲಿ ಮಾಡಿಸಿದೆ, ಸಾಗಣೆ ಸೇರಿ 38 ಸಾವಿರದ ಹತ್ತಿರ. ನೀರಿಗೇನೋ ಇಳಿಯಿತು, ಆದರೆ ಮಗುಚಲಿಲ್ಲ. ತಿರುಗುವ ಅಚ್ಚು ಸರಿಯಾಗಿ ನಡುವಿನಲ್ಲಿದ್ದುದರಿಂದ ನಾಲ್ವರು ಹಗ್ಗ ಹಿಡಿದು ಎಳೆದು ತಿರುಗಿಸಬೇಕಿತ್ತು. ನಿಜವಾದ ಹೆಲಿಕಾಪ್ಟರನ್ನು ಯಾರೂ ಎಳೆಯುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ರೋಟರ್ ಎಲ್ಲ ತಲೆಯ ಮೇಲಿರುವುದರಿಂದ ಅಲೆಗೆ ಸಿಕ್ಕರೆ ತಾನಾಗಿಯೇ ತಲೆಕೆಳಗಾಗುತ್ತದೆ. ಹಾಗಾಗಿ ನಾವೂ ಭಾರವನ್ನು ತಲೆಯ ಮೇಲಿಟ್ಟೆವು. ಈಗ ಪಿನ್ ಎಳೆದರೆ ಸಾಕು, ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ಆ ಭಾರ ಎಷ್ಟು, ಅಚ್ಚಿನಿಂದ ಎಷ್ಟು ದೂರ ಎಂದು ಮುಂಬೈಯವರು ಕೇಳುತ್ತಿದ್ದಾರೆ. ಅದನ್ನು ಬರೆಯುವುದಿಲ್ಲ. ಇಲ್ಲಿಗೆ ಬರಲಿ, ಒಂದು ಊಟ ಹಾಕಿ ತೋರಿಸುತ್ತೇನೆ.

ಎತ್ತುವ ವ್ಯವಸ್ಥೆಯಲ್ಲಿ ಕೈಸುಟ್ಟಿತು. ಕೆರೆಯ ಕಿರಿದಾದ ಕಡೆ ದಡದಿಂದ ದಡಕ್ಕೆ ಗುಜರಿಯ ಐ-ಬೀಮ್ (ಕಬ್ಬಿಣದ ತೊಲೆ) ಹಾಕಿಸಿದೆ, ತೂಕದ ಲೆಕ್ಕದಲ್ಲಿ 22 ಸಾವಿರ. ಅದಕ್ಕೆ ಎರಡು ಟನ್ನಿನ ಹೊಸ ಚೈನ್ ಬ್ಲಾಕ್. ನೋಡಲು ಚೆಂದ. ಆದರೆ ಚೈನ್ ಬ್ಲಾಕ್ ಭಾರ ಎತ್ತುತ್ತದೆ, ಬೇಗ ಎತ್ತುವುದಿಲ್ಲ. ಸರಪಳಿಯನ್ನು ಎಷ್ಟೋ ಸಲ ಜಗ್ಗಿದ ಮೇಲೆ ಒಂದು ಅಡಿ. ಒಳಗೆ ತಲೆಕೆಳಗಾಗಿರುವವನಿಗೆ ಅಷ್ಟು ಹೊತ್ತು ಎಲ್ಲಿಂದ ತರುವುದು? ಖಾಲಿ ಚೌಕಟ್ಟಿನಲ್ಲಿ ಎರಡು ಸಲ ನೋಡಿ, ಅದನ್ನು ಅರ್ಧ ಬೆಲೆಗೆ ಗ್ಯಾರೇಜಿನವನಿಗೆ ಕೊಟ್ಟೆ. ಈಗ ಇರುವುದು ಎದುರು ತೂಕ: ಬೀಮ್ ಮೇಲಿನ ರಾಟೆಯ ಆಚೆ ಬದಿಗೆ ಮರಳು ತುಂಬಿದ ಡ್ರಮ್ಮುಗಳು, ಚೌಕಟ್ಟಿಗಿಂತ ಸ್ವಲ್ಪವೇ ಹಗುರ. ಬಿಟ್ಟರೆ ನಿಧಾನ ಇಳಿಯುತ್ತದೆ, ಇಬ್ಬರು ಜಗ್ಗಿದರೆ ಒಂದೇ ಉಸಿರಿಗೆ ಮೇಲೆ ಬರುತ್ತದೆ. ಹಗ್ಗ ಹರಿದರೂ ಆಳಕ್ಕೆ ಹೋಗಬಾರದೆಂದು ಕೆರೆಯ ತಳದಲ್ಲಿ ಜಂಬಿಟ್ಟಿಗೆ ಕಲ್ಲಿನ ಕಟ್ಟೆ ಕಟ್ಟಿಸಿದೆ. ಚೌಕಟ್ಟು ಅದರ ಮೇಲೆ ಕೂರುತ್ತದೆ, ಪಕ್ಕದಲ್ಲಿ ನಿಂತ ಕಾವಲುಗಾರರ ಎದೆಮಟ್ಟಕ್ಕೆ ನೀರು. ಕಾವಲಿಗೆ ಇಬ್ಬರು, ಇಬ್ಬರ ಸೊಂಟದಲ್ಲೂ ಬೆಲ್ಟ್ ಕೊಯ್ಯುವ ಚಾಕು. ಇದಕ್ಕೆ ಕಡಿಮೆಯಾಗಿ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು. ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡದಲ್ಲಿ ಮಾಡೋಣ ಎಂದವರಿದ್ದಾರೆ. ಆ ಹೊಂಡದ ಬದಿಯಲ್ಲಿ ಕಾಲು ನಿಲ್ಲುವುದಿಲ್ಲ, ಬಿದ್ದವರು ಹತ್ತಲಾರದೆ ಸಾಯುತ್ತಾರೆ. ನಮ್ಮ ಕೆರೆಗೆ ಹಳೆಯ ಕಲ್ಲಿನ ಪಾವಟಿಗೆ ಇದೆ.

ಬೆಲ್ಟಿನ ಕಥೆ ಬೇರೆ. ಮೊದಲು ಗುಜರಿ ಕಾರುಗಳ ಬೆಲ್ಟ್ ಹಾಕಿದ್ದೆ. ಹುಡುಗರು ಕೆರೆಯಲ್ಲಿ ಚೆನ್ನಾಗಿ ಬಿಚ್ಚಿದರು, ಪರೀಕ್ಷಾ ಕೇಂದ್ರಕ್ಕೆ ಹೋಗಿ ಸೋತರು. ಕಾರಿನ ಬೆಲ್ಟ್ ಬಿಚ್ಚಲು ಬೆರಳು ಸೊಂಟದ ಪಕ್ಕಕ್ಕೆ ಹೋಗುತ್ತದೆ. ಅಲ್ಲಿ ನಾಲ್ಕು ಪಟ್ಟಿಯೂ ಹೊಟ್ಟೆಯ ಮೇಲಿನ ಒಂದೇ ಬಕಲ್‌ಗೆ ಬಂದು ಸೇರುತ್ತವೆ, ಅದನ್ನು ತಿರುಗಿಸಬೇಕು. ಹೆದರಿಕೆಯಲ್ಲಿ ಕೈ ರೂಢಿಯಿದ್ದಲ್ಲಿಗೇ ಹೋಗುತ್ತದೆ. ಕುರ್ಲಾದ ಗುಜರಿಯಲ್ಲಿ ಹುಡುಕಿಸಿ ತಿರುಗಿಸುವ ಬಕಲ್ ತರಿಸಿದೆ, ಒಂದಕ್ಕೆ ಮೂರೂವರೆ ಸಾವಿರದಂತೆ ಎಂದು ನೆನಪು. ಪಟ್ಟಿ ಲಡ್ಡಾಗಿತ್ತು, ಹೊಸದು ಹೊಲಿಸಿದೆ. ಕಿಟಕಿಗೆ ಅಡಿಕೆ ಹಾಳೆ ಚಂದವಾಗಿ ಕೂರುತ್ತದೆ ಎಂದು ಅದನ್ನು ಕತ್ತರಿಸಿ ಹಾಕಿದ್ದೆ. ನೆನೆದ ಮೇಲೆ ಮೆತ್ತಗಾಗಿ, ತಳ್ಳುವ ಮೊದಲೇ ಕಳಚಿ ತೇಲಿತು. ಈಗ ಪ್ಲೈವುಡ್.

ಇನ್ನು ಕಲಿಸಿದ ಬಗೆ. ಮೊದಲ ವಾರ ನೀರೇ ಇಲ್ಲ. ಕೊಟ್ಟಿಗೆಯಲ್ಲಿ ಹಳೆಯ ಬಸ್ ಸೀಟು, ಕಣ್ಣಿಗೆ ಟವೆಲ್. ಕೂತು, ಕಿಟಕಿ ಮುಟ್ಟಿ, ಬಕಲ್ ಮುಟ್ಟಿ, ಎಣಿಸಿ, ತಳ್ಳಿ, ಬಿಚ್ಚಿ ಹೊರಗೆ. ಹುಡುಗರಿಗೆ ಬೇಜಾರು ಬರುವ ತನಕ, ಬೇಜಾರು ಬಂದ ಮೇಲೆ ಇನ್ನೂ ಎರಡು ದಿನ. ಎಣಿಕೆಯೇ ನನ್ನ ಗುಟ್ಟಿನ ಪೈಕಿ ದೊಡ್ಡದು, ಅದನ್ನು ಹೇಳಿಬಿಡುತ್ತೇನೆ. ಒಂದು ಎರಡು ಮೂರು ಎಂದು ಎಣಿಸಲು ಹೇಳಿದರೆ ನೀರೊಳಗೆ ಎಲ್ಲರೂ ಓಡುತ್ತಾರೆ. ಕಣದಲ್ಲಿ ಭತ್ತ ಅಳೆಯುವವನಂತೆ "ಲಾಭ, ಎರಡು, ಮೂರು" ಎಂದು ಎಣಿಸಲು ಹೇಳಿದೆ. ಕೊಳಗ ತುಂಬಿ, ತಲೆ ಸವರಿ, ಸುರಿದ ಮೇಲೆಯೇ ಮುಂದಿನ ಅಂಕಿ. ಬಾಲ್ಯದಲ್ಲಿ ನೋಡಿದ ಆ ನಿಧಾನ ಅವರ ಮೈಯಲ್ಲೇ ಇತ್ತು. ಏಳಕ್ಕೆ ಬರುವಷ್ಟರಲ್ಲಿ ಚೌಕಟ್ಟು ಉರುಳಿ ನಿಂತಿರುತ್ತದೆ, ನೀರು ತುಂಬಿರುತ್ತದೆ. ಹೆದರಿ ಹತ್ತಿದವನನ್ನು ಅದೇ ದಿನ ಮತ್ತೆ ನೀರಿಗೆ ಇಳಿಸುವ ಉಪಾಯ ಇನ್ನೊಂದಿದೆ. ಅದು ನನ್ನ ಹೊಟ್ಟೆಪಾಡು, ಇರಲಿ.

ಕೆರೆಯ ನೀರು ಕೆಂಪು, ಒಂದು ಅಡಿ ಆಚೆ ಏನೂ ಕಾಣುವುದಿಲ್ಲ. ಗೆಳೆಯರ ಮುಖ್ಯ ಆಕ್ಷೇಪವೇ ಇದು, ಪರೀಕ್ಷಾ ಕೇಂದ್ರದ ಕೊಳ ತಿಳಿಯಾಗಿರುತ್ತದೆ ಎಂದು. ಕೆಂಪು ನೀರಿನಲ್ಲಿ ಕೈಯಿಂದ ನೋಡಲು ಕಲಿತವನಿಗೆ ತಿಳಿನೀರು ರಜೆ ಇದ್ದಂತೆ ಎಂದು ಫಲಿತಾಂಶವೇ ಹೇಳಿತು. ಆದರೆ ಕೆರೆನೀರಿನ ಇಲಿ ಜ್ವರದ ಭಯ ಸುಳ್ಳಲ್ಲ, ಮಳೆಗಾಲದಲ್ಲಂತೂ ಹೆಚ್ಚು. ಬ್ಲೀಚಿಂಗ್ ಪುಡಿ ಹಾಕಿಸಿದೆ. ಮರುದಿನ ಮೀನುಗಳೆಲ್ಲ ಬೆಳ್ಳಗೆ ತೇಲಿದವು. ಕೆರೆಯಲ್ಲಿ ಪಾಲಿರುವ ದಾಯಾದಿಗೆ ಎರಡು ಸಾವಿರ ದಂಡ ತೆತ್ತೆ. ಈಗ ಮಳೆಗಾಲದಲ್ಲಿ ನೀರಿನ ಕೆಲಸ ನಿಲ್ಲಿಸಿದ್ದೇನೆ, ಕಾಲಿನಲ್ಲಿ ಗಾಯವಿದ್ದವನನ್ನು ಎಂದೂ ಇಳಿಸುವುದಿಲ್ಲ. ನೆಗಡಿ ಇದ್ದವನಿಗೂ ಅವತ್ತು ಕೊಟ್ಟಿಗೆಯೇ ಗತಿ.

ರಿಗ್ಗಿನಿಂದ ತಂದ ನಿಯಮಗಳಲ್ಲಿ ಒಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತೇವೆ: ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು. ಒಂದು ಬೆಳಿಗ್ಗೆ ಚಹಾ ತಂದ ನಮ್ಮ ಮನೆಯ ಕೆಲಸದ ಹೆಂಗಸು ದಡದಲ್ಲೇ ನಿಂತು, "ಅಯ್ಯಾ, ನಿಲ್ಲಿಸಿ. ಹಗ್ಗದ ನಾರು ಎದ್ದಿದೆ" ಎಂದರು. ರಾಟೆಯ ಅಂಚು ಸವೆದು, ಬೆರಳು ದಪ್ಪದ ಹಗ್ಗದ ಮೂರು ಎಳೆಗಳಲ್ಲಿ ಒಂದು ಪೂರ್ತಿ ಬಿಚ್ಚಿಕೊಂಡಿತ್ತು. ದಡದ ಮೇಲಿದ್ದ ನಾವು ಐದು ಜನ ಅದನ್ನು ನೋಡಿರಲಿಲ್ಲ. ಅವತ್ತಿನಿಂದ ಉಕ್ಕಿನ ಹಗ್ಗ, ಮತ್ತು ಪ್ರತಿ ಬೆಳಿಗ್ಗೆ ಹಗ್ಗ ನೋಡುವ ಕೆಲಸ ಅವರದು. ಅದಕ್ಕೆ ಬೇರೆ ಸಂಬಳ ಕೊಡುತ್ತೇನೆ.

ಹ್ಯೂಯೆಟ್‌ಗೆ ಸಂಬಂಧವಿಲ್ಲದ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. ದೋಣಿಯಿಂದ ಪ್ಲಾಟ್‌ಫಾರ್ಮಿಗೆ (ಕಡಲಿನಲ್ಲಿ ನಿಂತ ತೈಲದ ಕಟ್ಟೆಗೆ) ಹಗ್ಗ ಹಿಡಿದು ಜೋಲಿ ಹೊಡೆಯುವುದನ್ನು ಕಲಿಸಲು ಹಲಸಿನ ಮರಕ್ಕೆ ಗಂಟಿನ ಹಗ್ಗ ಕಟ್ಟಿದೆ. ಐಟಿಐ ಹುಡುಗರು ಅಲೆ ಇಳಿಯುವಾಗ ಹಾರಲು ಹೋಗುತ್ತಾರೆ, ದೋಣಿ ಅಲೆಯ ತುದಿಯಲ್ಲಿದ್ದಾಗ ಹಗ್ಗ ಹಿಡಿಯಬೇಕು ಎಂಬುದು ತಲೆಗೆ ಹೋಗಲು ಹೊತ್ತು ಬೇಕು. ಆ ದಿನ ಅಡಿಕೆ ಗೊನೆ ಇಳಿಸಲು ಬಂದಿದ್ದ ಇಬ್ಬರು ಕೊನೆಗಾರರು ಸುಮ್ಮನೆ ನೋಡುತ್ತಿದ್ದರು. ಹಗ್ಗ ಕೊಟ್ಟೆ. ಅಡಿಕೆ ಮರ ತೂಗಿಸಿ ಅದು ಬಾಗಿದ ಗಳಿಗೆ ನೋಡಿ ಪಕ್ಕದ ಮರ ಹಿಡಿಯುವವರಿಗೆ ಇದೇನು ಮಹಾ? ಮೊದಲ ಸಲಕ್ಕೇ ಸರಿಯಾಗಿ ಹಾರಿದರು. ಅವರಿಗೆ ಪೂರ್ಣ ಹಾರ್ನೆಸ್ (ಬಿದ್ದರೆ ಹಿಡಿಯುವ, ಮೈಗೆಲ್ಲ ಕಟ್ಟುವ ಪಟ್ಟಿ) ಹಾಕಿಸಲು ಹೋಗಿ ಮಾತ್ರ ನಾನು ಸೋತೆ. ಆರು ಸಾವಿರದ ಹಾರ್ನೆಸ್ ಈಗ ಅಟ್ಟದ ಮೇಲಿದೆ.

ಇನ್ನೊಂದು ಹೊಗೆಯದು. 1988ರ ಜುಲೈ 6ರಂದು ಉತ್ತರ ಸಮುದ್ರದ ತೈಲ ಪ್ಲಾಟ್‌ಫಾರ್ಮ್ ಪೈಪರ್ ಆಲ್ಫಾದಲ್ಲಿ ಬೆಂಕಿ ಬಿದ್ದು ಸತ್ತ 167 ಜನರಲ್ಲಿ ಹೆಚ್ಚಿನವರನ್ನು ಕೊಂದದ್ದು ಹೊಗೆ. ವಸತಿ ಭಾಗದಲ್ಲಿ ಹೆಲಿಕಾಪ್ಟರ್ ಬರುತ್ತದೆಂದು ಕಾದವರು ಅವರು. ತೆವಳಿ ದಾರಿ ಹುಡುಕುವುದನ್ನು ಕಲಿಸೋಣ ಎಂದು ಅಡಿಕೆ ಬೇಯಿಸುವ ಮನೆಯಲ್ಲಿ ಹಸಿ ಸಿಪ್ಪೆಗೆ ಬೆಂಕಿ ಹಾಕಿಸಿದೆ. ಹುಡುಗರಿಗಿಂತ ಮೊದಲು ನಾನೇ ಕೆಮ್ಮುತ್ತ ಹೊರಬಂದೆ. ಹೊಗೆ ಕಲಿಸಲು ಹೊಗೆ ಬೇಕಿಲ್ಲ, ತಲೆಗೆ ಗೋಣಿಚೀಲ ಸಾಕು. 2005ರ ಜುಲೈ 27ರಂದು ಬಾಂಬೆ ಹೈಯ ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮ್ ಸುಟ್ಟುಹೋದದ್ದನ್ನೂ ಹುಡುಗರಿಗೆ ಹೇಳುತ್ತೇನೆ. ಬೆರಳಿಗೆ ಗಾಯವಾದ ಅಡುಗೆಯವನೊಬ್ಬನನ್ನು ಮೇಲಕ್ಕೆ ಸಾಗಿಸಲು ಬಂದ ಹಡಗು ಅನಿಲದ ಕೊಳವೆಯಾದ ಗ್ಯಾಸ್ ರೈಸರ್‌ಗೆ ಬಡಿಯಿತು, 22 ಜನ ತೀರಿಕೊಂಡರು. ಎರಡು ಗಂಟೆ ಕಳೆಯುವಷ್ಟರಲ್ಲಿ ಪ್ಲಾಟ್‌ಫಾರ್ಮೇ ಇರಲಿಲ್ಲ. ಅಡುಗೆ ವಿಭಾಗಕ್ಕೆ ಹೋಗುವ ಹುಡುಗರು ಇದನ್ನು ಕೇಳಿದ ಮೇಲೆ ಈರುಳ್ಳಿ ಹೆಚ್ಚುವಾಗಲೂ ಕೈಗವಸು ಹಾಕುತ್ತಾರೆ.

ಲೆಕ್ಕ ಹೇಳಿಬಿಡುತ್ತೇನೆ. ಹಾಳಾದದ್ದೂ ಸೇರಿ ನನ್ನ ಕೈಯಿಂದ ಸುಮಾರು ಒಂದೂಕಾಲು ಲಕ್ಷ ಹೋಗಿದೆ. ಒಬ್ಬನಿಗೆ ಎರಡು ಸಾವಿರ ತೆಗೆದುಕೊಳ್ಳುತ್ತೇನೆ, ಮಧ್ಯಾಹ್ನದ ಊಟ ನಮ್ಮಲ್ಲೇ. ಅಸಲು ಬರಲು ಇನ್ನೂ ವರ್ಷಗಳು ಬೇಕು. ನಾನು ಯಾವ ಚೀಟಿಯನ್ನೂ ಕೊಡುವುದಿಲ್ಲ, ಕೊಡುವ ಹಕ್ಕೂ ನನಗಿಲ್ಲ. ಪರೀಕ್ಷೆ ಅಂಗೀಕೃತ ಕೇಂದ್ರದಲ್ಲೇ ಆಗಬೇಕು.

ಮುಂದಿನ ತಂಡ ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಹೊತ್ತಿಗೆ. ಬರುವವರು ಕಿವಿ, ಮೂಗು ತೋರಿಸಿಕೊಂಡು ವೈದ್ಯರ ಬರಹ ತರಬೇಕು. ಎರಡು ಜೊತೆ ಹಳೆಯ ಪ್ಯಾಂಟು ಇರಲಿ, ಕೆಂಪು ನೀರಿನ ಕಲೆ ಹೋಗುವುದಿಲ್ಲ.