ಚಿಕ್ಕ ಜಾಗಕ್ಕೆ ಕೆಂಪು ಗೊಂಚಲು ಗುಲಾಬಿ

ನಾಲ್ಕು ಕುಂಡ ಇಡುವಷ್ಟೇ ಜಾಗ ಇದೆ, ಯಾವ ಗುಲಾಬಿ ಹಾಕಲಿ ಅಂತ ಕೇಳುವವರಿಗೆ ನಾನು ಕೆಂಪು ಫ್ಲೋರಿಬಂಡಾವನ್ನೇ ಹೇಳುತ್ತೇನೆ. ಉದ್ದ ದಂಟಿನ ತುದಿಯಲ್ಲಿ ಒಂದೇ ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ ಗುಲಾಬಿ ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಹೂ ಉದುರಿದ ಮೇಲೆ ಎಷ್ಟೋ ದಿನ ಬರೀ ಕಡ್ಡಿ ನೋಡಿಕೊಂಡು ಕೂರಬೇಕು. ಫ್ಲೋರಿಬಂಡಾದಲ್ಲಿ ಒಂದೊಂದು ರೆಂಬೆಯ ತುದಿಗೂ ಒಂದು ಗೊಂಚಲು ಬರುತ್ತದೆ. ಗಿಡ ಎರಡು, ಮೂರು ಅಡಿ ಎತ್ತರಕ್ಕೆ ಪೊದೆಯ ಹಾಗೆ ತುಂಬಿಕೊಂಡು ನಿಲ್ಲುತ್ತದೆ. ಪರಿಮಳ ಮಾತ್ರ ಹೆಚ್ಚಿನ ಜಾತಿಗಳಲ್ಲಿ ಕಡಿಮೆ. ಅದನ್ನು ಮೊದಲೇ ತಿಳಿದುಕೊಂಡರೆ ಆಮೇಲೆ ಬೇಸರ ಆಗುವುದಿಲ್ಲ.

ಈ ಗುಲಾಬಿ ಡೆನ್ಮಾರ್ಕಿನ ಪೌಲ್ಸೆನ್ ಮನೆತನದವರ ಕೈಯಲ್ಲಿ ಬೆಳೆದದ್ದು. ಪುಟ್ಟ ಹೂಗಳ ಗೊಂಚಲು ಬಿಡುವ ಪಾಲಿಯಾಂಥಾ ಗುಲಾಬಿಗೆ ಹೈಬ್ರಿಡ್ ಟೀ ಸೇರಿಸಿ ಅವರು ಹೊಸ ಗಿಡ ಪಡೆದರು. 1924ರಲ್ಲಿ ಬಂದ ‘ಎಲ್ಸೆ ಪೌಲ್ಸೆನ್’, ‘ಕರ್ಸ್ಟನ್ ಪೌಲ್ಸೆನ್’ ಈ ಗುಂಪಿನ ಹಿರಿಯರು. ಮೂಲ ಎರಡಾದ್ದರಿಂದ ಗುಣವೂ ಎರಡು. ಹೂವಿನ ಅಂದ ಒಂದು ಕಡೆಯಿಂದ, ಗೊಂಚಲು ಮತ್ತು ಗಟ್ಟಿತನ ಇನ್ನೊಂದು ಕಡೆಯಿಂದ. ಹಾಗಾಗಿ ಇದನ್ನು ಹೈಬ್ರಿಡ್ ಟೀ ತರಹ ಬೋಳು ಮಾಡಿ ಕತ್ತರಿಸಬಾರದು. ಇಲ್ಲಿ ಗೊಂಚಲನ್ನೇ ಒಂದು ಹೂ ಅಂತ ನೋಡಬೇಕು. ಇಷ್ಟು ತಲೆಯಲ್ಲಿದ್ದರೆ ಅರ್ಧ ಕೆಲಸ ಬಂದ ಹಾಗೆ.

ಕೆಂಪಿನಲ್ಲೂ ಬೇರೆ ಬೇರೆ ಗುಣದವು ಇವೆ. ಚಿಕ್ಕ ಜಾಗಕ್ಕೆ ‘ಟ್ರಂಪೆಟರ್’ ಒಳ್ಳೆಯದು. ಗಿಡ ಗಿಡ್ಡ, ಹೂ ಕಿತ್ತಳೆ ಛಾಯೆಯ ಕೆಂಪು, ಮತ್ತೆ ಮತ್ತೆ ಬಿಡುತ್ತದೆ. ‘ಲಾವಾಗ್ಲುಟ್’ ಕಡುಗೆಂಪು, ಅದೂ ಜಾಸ್ತಿ ಎತ್ತರ ಹೋಗುವುದಿಲ್ಲ. ‘ಯೂರೋಪಿಯಾನಾ’ದ ಗೊಂಚಲು ತುಂಬಾ ದೊಡ್ಡದು. ಭಾರಕ್ಕೆ ರೆಂಬೆ ಬಾಗುತ್ತದೆ, ಸಣ್ಣ ಊರುಗೋಲು ಕೊಡಬೇಕಾಗುತ್ತದೆ. 1946ರ ‘ಫ್ರೆನ್‌ಶಾಮ್’ ಹಳೆಯ ಕಾಲದ ಪ್ರಸಿದ್ಧ ಕೆಂಪು. ಆದರೆ ಅದು ಎತ್ತರ, ಮುಳ್ಳು ಜಾಸ್ತಿ, ಬೂದಿ ರೋಗವೂ ಬೇಗ ಹಿಡಿಯುತ್ತದೆ. ಓಡಾಡುವ ಇಕ್ಕಟ್ಟಿನಲ್ಲಿ ಅದು ಬೇಡ. ನರ್ಸರಿಯಲ್ಲಿ ಹೆಸರು ಗೊತ್ತಿಲ್ಲ ಅಂದರೂ ಪರವಾಗಿಲ್ಲ. ಬುಡದಿಂದಲೇ ಮೂರು ಗಟ್ಟಿ ರೆಂಬೆ ಎದ್ದಿರುವ, ಎಲೆಯಲ್ಲಿ ಚುಕ್ಕೆ ಇಲ್ಲದ ಗಿಡ ಆರಿಸಿ. ಮೇಲೆ ಹತ್ತು ಹೂ ಇದ್ದು ಬುಡ ಸಣಕಲಾಗಿರುವುದನ್ನು ಬಿಟ್ಟುಬಿಡಿ.

ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೇಕು, ಅದೂ ಬೆಳಗಿನದಾದರೆ ಬಹಳ ಒಳ್ಳೆಯದು. ಕಡುಗೆಂಪು ಎಸಳು ಬಿಸಿಯನ್ನು ಹೆಚ್ಚು ಹೀರುತ್ತದೆ. ಸುಡುವ ಕಾಲದಲ್ಲಿ ಮಧ್ಯಾಹ್ನದ ಬಿಸಿಲಿಗೆ ಅಂಚು ಕಪ್ಪಾಗಿ ಸುಟ್ಟ ಹಾಗಾಗುತ್ತದೆ. ಆಗ ಎರಡು ಮೂರು ತಾಸು ನೆರಳು ಸಿಗುವ ಹಾಗೆ ಕುಂಡ ಸರಿಸಿ. ಗೋಡೆಗೆ ಒತ್ತಿ ಇಡಬೇಡಿ. ಗೋಡೆ ಕಾದು ಗಿಡಕ್ಕೆ ಬಿಸಿ ಹೊಡೆಯುತ್ತದೆ, ಹಿಂದಿನ ಎಲೆಗಳಿಗೆ ಗಾಳಿಯೂ ಆಡುವುದಿಲ್ಲ. ಒಂದು ಗೇಣಾದರೂ ಬಿಡಿ. ನೆಲದಲ್ಲಿ ನೆಡುವುದಾದರೆ ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ ಬಿಡಿ. ಐದು ಗಿಡ ಒತ್ತೊತ್ತಾಗಿ ಇಟ್ಟು ಕೊರಗಿಸುವುದಕ್ಕಿಂತ ಎರಡನ್ನು ಸೊಂಪಾಗಿ ಬೆಳೆಸಿ.

ಕುಂಡ 12 ಇಂಚಿಗಿಂತ ಚಿಕ್ಕದು ಬೇಡ. 14 ಇಂಚು ಸಿಕ್ಕರೆ ಅದೇ ತನ್ನಿ. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು ಸಾಕು. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ. ಕಸಿ ಕಟ್ಟಿದ ಗಂಟು ಬೆಚ್ಚಗಿನ ಕಡೆ ಮಣ್ಣಿನ ಮೇಲೆ ಕಾಣುವ ಹಾಗಿರಲಿ. ಹಿಮ ಬೀಳುವ ಕಡೆ ಮಾತ್ರ ಅದನ್ನು ಒಂದೆರಡು ಇಂಚು ಒಳಗೆ ಹೂಳುತ್ತಾರೆ.

ನೀರನ್ನು ದಿನ ಲೆಕ್ಕ ಹಾಕಿ ಕೊಡಬೇಡಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ಕುಂಡದ ಕೆಳಗಿನ ತೂತಿನಿಂದ ಹೊರಗೆ ಬರುವಷ್ಟು ಹಾಕಿ. ದಿನಾ ಒಂದು ಲೋಟ ಸುರಿದರೆ ಮೇಲಿನ ಮಣ್ಣು ಮಾತ್ರ ನೆನೆಯುತ್ತದೆ, ಕೆಳಗಿನ ಬೇರಿಗೆ ಏನೂ ತಲುಪುವುದಿಲ್ಲ. ಬೆಳಿಗ್ಗೆ, ಬುಡಕ್ಕೆ ಹಾಕಿ. ಕಪ್ಪು ಚುಕ್ಕೆ ರೋಗದ ಬೂಷ್ಟು ಎಲೆಗೆ ಹತ್ತಬೇಕಾದರೆ ಎಲೆ ಸುಮಾರು 7 ಗಂಟೆ ಹಸಿಯಾಗಿರಬೇಕು. ಸಂಜೆ ಎಲೆ ನೆನೆಸಿದರೆ ರಾತ್ರಿಯೆಲ್ಲ ಅದಕ್ಕೆ ನಾವೇ ಅನುಕೂಲ ಮಾಡಿಕೊಟ್ಟ ಹಾಗೆ, ಅಲ್ವಾ?

ಈಗ ಕತ್ತರಿಯ ಕೆಲಸ. ನನಗೆ ತುಂಬಾ ಇಷ್ಟವಾದದ್ದು ಇದೇ. ಹೊಸ ಗೊಂಚಲು ಬಂದಾಗ ಹತ್ತಿರ ಹೋಗಿ ನೋಡಿ. ಸುತ್ತಲಿನ ಮೊಗ್ಗುಗಳು ಇನ್ನೂ ಕಡಲೆಕಾಳಿನಷ್ಟಿರುವಾಗ ನಡುವಿನದೊಂದು ದಪ್ಪಗಾಗಿ, ಸ್ವಲ್ಪ ಗಿಡ್ಡ ತೊಟ್ಟಿನ ಮೇಲೆ ಕೂತಿರುತ್ತದೆ. ಅದು ಮೊದಲು ಅರಳಿ ಮೊದಲೇ ಬಾಡುತ್ತದೆ. ಉಳಿದವು ಅರಳುವ ಹೊತ್ತಿಗೆ ಗೊಂಚಲಿನ ನಟ್ಟನಡುವೆ ಕಂದು ಬಣ್ಣದ ಒಣ ಹೂ. ಅದಕ್ಕೆ ಆ ನಡುವಿನ ಮೊಗ್ಗನ್ನು ಚಿಕ್ಕದಿರುವಾಗಲೇ ಹೆಬ್ಬೆರಳಿಂದ ಪಕ್ಕಕ್ಕೆ ಬಗ್ಗಿಸಿ ಚಿವುಟಿಬಿಡಿ. ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಆದರೂ ಒಂದು ಗೊಂಚಲಲ್ಲಿ ಮಾಡಿ ನೋಡಿ. ಉಳಿದವೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಅರಳಿ, ಗೊಂಚಲು ತುಂಬಿದ ಹಾಗೆ ಕಾಣುತ್ತದೆ.

ಗೊಂಚಲಿನ ಒಂದೊಂದು ಹೂ ಬಾಡಿದಂತೆ ಅದನ್ನಷ್ಟೇ ತೆಗೆಯಿರಿ. ಕೊನೆಯದೂ ಮುಗಿದ ಮೇಲೆ ಇಡೀ ಗೊಂಚಲನ್ನು ದಂಟಿನ ಸಮೇತ ಕತ್ತರಿಸಬೇಕು. ಎಲ್ಲಿಗೆ ಅಂದರೆ, ಮೇಲಿಂದ ಕೆಳಗೆ ಬರುವಾಗ ಐದು ಕಿರು ಎಲೆಗಳು ಸೇರಿದ ಮೊದಲ ಗಟ್ಟಿ ಎಲೆ ಸಿಗುತ್ತದೆ. ಅದು ದಂಟಿಗೆ ಸೇರುವ ಕಂಕುಳಲ್ಲಿ, ಮುಂದೆ ಚಿಗುರಾಗುವ ಸಣ್ಣ ಕಣ್ಣು ಇರುತ್ತದೆ. ಆ ಕಣ್ಣು ಗಿಡದ ಹೊರಗಡೆ ಮುಖ ಮಾಡಿರಲಿ. ಅದಕ್ಕಿಂತ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿ. ಒಳಮುಖದ ಕಣ್ಣಿಗೆ ಬಿಟ್ಟರೆ ರೆಂಬೆಗಳು ನಡುವೆ ಹೆಣೆದುಕೊಂಡು ಗಾಳಿ ಆಡದ ಹಾಗಾಗುತ್ತದೆ. ಬಾಡಿದ್ದನ್ನು ಸುಮ್ನೆ ಬಿಟ್ಟರೆ ಗಿಡ ಕಾಯಿ ಕಟ್ಟಲು ಹೊರಡುತ್ತದೆ, ಹೊಸ ಚಿಗುರು ತಡವಾಗುತ್ತದೆ. ಕತ್ತರಿಸಿದ 6ರಿಂದ 8 ವಾರದಲ್ಲಿ ಮತ್ತೊಂದು ಸುತ್ತು ಹೂ ಕಾಣಬಹುದು.

ಪ್ರತಿ ಸುತ್ತು ಮುಗಿದಾಗ ಒಂದು ಹಿಡಿ ಎರೆಗೊಬ್ಬರ, ಸ್ವಲ್ಪ ಮೂಳೆ ಪುಡಿ ಕೊಡಿ. ಒಣ ಮಣ್ಣಿಗೆ ಯಾವ ಗೊಬ್ಬರವನ್ನೂ ಹಾಕಬೇಡಿ, ಮೊದಲು ನೀರು. ಯೂರಿಯಾದಂಥದ್ದು ಜಾಸ್ತಿಯಾದರೆ ಎಲೆ ಮೆತ್ತಗೆ ಸೊಂಪಾಗಿ ಬೆಳೆದು, ಚಿಗುರಿನ ರಸ ಹೀರುವ ಸಸ್ಯಹೇನು ಮುತ್ತುತ್ತದೆ.

ಹೇನಿಗೆ ಗಾಬರಿ ಬೇಡ. ಬೆಳಿಗ್ಗೆ ಪೈಪಿನ ನೀರನ್ನು ಜೋರಾಗಿ ಚಿಗುರಿಗೆ ಹೊಡೆದರೆ ಉದುರುತ್ತವೆ. ಗುಲಗಂಜಿ ಹುಳು ಕಂಡರೆ ಅದನ್ನು ಓಡಿಸಬೇಡಿ, ಅದು ಹೇನನ್ನೇ ತಿನ್ನುತ್ತದೆ. ಒಣ ಬಿಸಿಲಿನಲ್ಲಿ ಎಲೆ ಮಂಕಾಗಿ, ಸೂಜಿ ಚುಚ್ಚಿದ ಹಾಗೆ ಹಳದಿ ಚುಕ್ಕೆ ಕಂಡರೆ ತಿರುಗಿಸಿ ಹಿಂಭಾಗ ನೋಡಿ. ತೆಳ್ಳನೆ ಬಲೆ ಇದ್ದರೆ ಅದು ನುಸಿ. ಎಲೆಯ ಹಿಂಭಾಗಕ್ಕೆ ನೀರು ಹೊಡೆಯುವುದೇ ಮೊದಲ ಮದ್ದು. ಆಮೇಲೂ ಬಿಡದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು ನೀರು ಕಲಸಿ ಬಿಸಿಲಿಳಿದ ಮೇಲೆ ಸಿಂಪಡಿಸಿ. ಕಪ್ಪು ಚುಕ್ಕೆಯ ಎಲೆಗಳನ್ನು ಕಿತ್ತು, ಉದುರಿದ್ದನ್ನೂ ಆರಿಸಿ ಹೊರಗೆ ಹಾಕಿ. ಕುಂಡದಲ್ಲೇ ಬಿಟ್ಟರೆ ರೋಗ ಅಲ್ಲೇ ಕೂತಿರುತ್ತದೆ.

ಇನ್ನೊಂದು ವಿಷಯ ಕಣ್ಣಿಗೆ ಬೀಳದೇ ಹೋಗುತ್ತದೆ. ಕಸಿ ಗಂಟಿನ ಕೆಳಗಿನಿಂದ ಸಪೂರವಾದ, ಬಣ್ಣವೇ ಬೇರೆಯಾದ ಚಿಗುರು ರಭಸದಿಂದ ಏಳುತ್ತದೆ. ಎಷ್ಟೋ ಸಲ ಅದರ ಎಲೆಯಲ್ಲಿ ಏಳು ಕಿರು ಎಲೆ ಇರುತ್ತದೆ. ಆದರೆ ಕಿರು ಎಲೆ ಎಣಿಸಿ ತೀರ್ಮಾನ ಮಾಡಬೇಡಿ. ಮಣ್ಣು ಸರಿಸಿ ಅದು ಎಲ್ಲಿಂದ ಹೊರಟಿದೆ ಅಂತಲೇ ನೋಡಿ. ಗಂಟಿನ ಕೆಳಗಿನಿಂದ ಹೊರಟಿದ್ದರೆ ಅದು ಕಸಿಗೆ ಬೇರು ಕೊಟ್ಟ ಕಾಡುಗಿಡದ್ದು. ಬಿಟ್ಟರೆ ಊಟವೆಲ್ಲ ಅದಕ್ಕೇ ಹೋಗಿ ಕೆಂಪು ಹೂವಿನ ಗಿಡ ಸೊರಗುತ್ತದೆ. ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬುಡದಿಂದ ಎಳೆದು ಕಿತ್ತುಹಾಕಿ.

ವರ್ಷಕ್ಕೊಮ್ಮೆ ದೊಡ್ಡದಾಗಿ ಸವರಬೇಕು. ಹಿಮ ಬೀಳುವ ಕಡೆ ಚಳಿಗಾಲದ ಕೊನೆಗೆ, ಕಣ್ಣುಗಳು ಉಬ್ಬುವಾಗ. ಬೆಚ್ಚಗಿನ ಕಡೆ ಮಳೆ ನಿಂತು ಚಳಿ ಶುರುವಾಗುವಾಗ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಪೆನ್ಸಿಲಿಗಿಂತ ಸಣಕಲಾದದ್ದು ತೆಗೆದುಬಿಡಿ. ಉಳಿದ ಗಟ್ಟಿ ರೆಂಬೆಗಳನ್ನು ಮೂರನೇ ಒಂದು ಭಾಗದಷ್ಟು ಇಳಿಸಿದರೆ ಸಾಕು. ಎಲ್ಲವನ್ನೂ ಒಂದೇ ಎತ್ತರಕ್ಕೆ ಕತ್ತರಿಸಬೇಡಿ, ಹೆಚ್ಚುಕಡಿಮೆ ಇದ್ದರೆ ಗೊಂಚಲುಗಳು ಮೇಲೆ ಕೆಳಗೆ ಹರಡಿ ಬರುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಇದೇ ಹೊತ್ತಿನಲ್ಲಿ ಗಿಡವನ್ನು ಕುಂಡದಿಂದ ತೆಗೆದು, ಸುತ್ತಿಕೊಂಡ ಬೇರಿನ ಅಂಚು ಸವರಿ, ಹೊಸ ಮಣ್ಣಿಗೆ ಹಾಕಿ. ಒಂದು ವಾರ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗೆ ತನ್ನಿ. ಹೊಸ ಎಲೆ ಪೂರ್ತಿ ಬಿಚ್ಚುವ ತನಕ ಗೊಬ್ಬರ ಬೇಡ, ನೀರು ಮಾತ್ರ ಕೊಡಿ.